ಚಕ್ರ ನೆಲ ಮುಟ್ಟಿದ ಮೇಲೆ

ನಮ್ಮ ಮನೆಗೆ ಬರುವ ಮಣ್ಣಿನ ದಾರಿಯಲ್ಲಿ ಒಂದು ಮೋರಿ ಉಂಟು. ಅಡಿಕೆ ತೋಟದ ನೀರು ಅದರ ಕೆಳಗೆ ಹರಿದು ಹೊಳೆಗೆ ಸೇರುತ್ತದೆ. ಮೋರಿಯ ಎರಡೂ ಬದಿ ಮಣ್ಣು ಕೊಚ್ಚಿಹೋಗಿ ನಾಲ್ಕು ಬೆರಳಿನಷ್ಟು ಮೆಟ್ಟಿಲು ಬಿದ್ದಿದೆ. ಕಾರು ಅದನ್ನು ಹತ್ತುವಾಗ ಎಡಬದಿಯ ಮುಂದಿನ ಚಕ್ರದ ಹತ್ತಿರ 'ಟಕ್' ಅಂತ ಒಂದು ಸದ್ದು. ಇಳಿಯುವಾಗ ಇನ್ನೊಂದು. 2023ರ ಮಳೆಗಾಲದಲ್ಲಿ ಶುರುವಾದದ್ದು. ದೀಪಾವಳಿ ಹೊತ್ತಿಗೆ ಸ್ಟೇರಿಂಗ್ ಹಿಡಿದ ಕೈಗೂ ಗೊತ್ತಾಗುವಷ್ಟಾಯಿತು. ಬ್ರೇಕ್ ಒತ್ತಿದರೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು.

ಅಪ್ಪನಿಗೆ ಆ ಸದ್ದು ಆಗುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಏನೋ ಹೇಳುತ್ತಿರುವವರು ಮೋರಿ ಹತ್ತಿರ ಬರುವಾಗ ಮಾತು ನಿಲ್ಲಿಸುತ್ತಿದ್ದರು. ಟಕ್. ಮತ್ತೊಮ್ಮೆ ಟಕ್. ಆಮೇಲೆ ಬಿಟ್ಟಲ್ಲಿಂದ ಮಾತು ಮುಂದುವರಿಸುತ್ತಿದ್ದರು. ಸದ್ದಿನ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಕಾರು 1999ರ ಮಾರುತಿ 800. ಅಪ್ಪ ಸುರತ್ಕಲ್‌ನಲ್ಲಿ ಕೆಲಸದಲ್ಲಿದ್ದಾಗ ಹೊಸದೇ ತೆಗೆದುಕೊಂಡದ್ದು. ಬಾಡಿಗೆ ಮನೆಗೆ ಶೆಡ್ ಇರಲಿಲ್ಲ. ರಾತ್ರಿ ಮಲಗಿದರೆ ಕಡಲಿನ ಸದ್ದು ಕೇಳುತ್ತಿತ್ತು, ಅಷ್ಟು ಹತ್ತಿರ. ಬೆಳಿಗ್ಗೆ ಗಾಜು ಒರೆಸಿದರೆ ಬಟ್ಟೆ ಅಂಟಂಟಾಗುತ್ತಿತ್ತು. ಹನ್ನೊಂದು ವರ್ಷ ಆ ಉಪ್ಪುಗಾಳಿಯಲ್ಲಿ ನಿಂತ ಕಾರು, ಅಪ್ಪ ರಿಟೈರ್ ಆದ ಮೇಲೆ ನಮ್ಮ ಜೊತೆ ಸುಳ್ಯದ ಕಡೆಯ ಊರಿಗೆ ಬಂತು. ಇಲ್ಲಿ ಉಪ್ಪುಗಾಳಿ ಇಲ್ಲ. ಆದರೆ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಉಂಟು. ಕೆಂಪು ಕೆಸರು ಉಂಟು. ಜೂನ್‌ನಲ್ಲಿ ಗಾಡಿಯ ಅಡಿಗೆ ಅಂಟಿದ ಮಣ್ಣು ಅಕ್ಟೋಬರ್‌ವರೆಗೂ ಒಣಗುವುದಿಲ್ಲ.

ಸದ್ದು ಎಲ್ಲಿಂದ ಅಂತ ಹುಡುಕುವುದು ಕಷ್ಟವಾಗಲಿಲ್ಲ. ಗಾಡಿ ಜ್ಯಾಕ್ ಮೇಲೆ ಎತ್ತಿ, ಚಕ್ರವನ್ನು ಅಡಿಯಲ್ಲಿ ಬಾಡಿಗೆ ಜೋಡಿಸುವ ಕಬ್ಬಿಣದ ತೋಳು, ಅಂದರೆ ಲೋಯರ್ ಆರ್ಮಿನ ಒಳತುದಿಗೆ ಒಂದು ಉದ್ದ ರಾಡ್ ಕೊಟ್ಟು ಮೀಟಿದೆ. ಆರ್ಮ್ ಅರ್ಧ ಇಂಚು ಆಚೀಚೆ ಹೋಯಿತು. ಆ ತುದಿಯಲ್ಲಿ ಕೂರುವ ರಬ್ಬರಿನ ಬುಷ್ ಹರಿದಿತ್ತು.

ಅಲ್ಲಿಂದಲೇ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಈ ಕಾರಿನ ಮೊದಲ ಬುಷ್ಷುಗಳು ಕಂಪನಿಯಿಂದ ಬಂದವು. ಕಡಲ ಕರೆಯಲ್ಲಿ ಹನ್ನೊಂದು ವರ್ಷ, ಇಲ್ಲಿನ ದಾರಿಯಲ್ಲಿ ಒಂಬತ್ತು ವರ್ಷ, ಒಟ್ಟು ಇಪ್ಪತ್ತು ವರ್ಷ ಬಾಳಿದವು. 2019ರಲ್ಲಿ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ಮೊದಲು ಒಂದು ಗ್ಯಾರೇಜಿನಲ್ಲಿ ಎರಡೂ ಬದಿಗೆ ಹೊಸ ಬುಷ್ ಹಾಕಿಸಿದೆವು. ಅವು ಐದು ಮಳೆಗಾಲ ತಡೆಯಲಿಲ್ಲ. ಅದೇ ಕಾರು, ಅದೇ ದಾರಿ. ಓಡಾಟ ಮೊದಲಿಗಿಂತ ಕಡಿಮೆ. ಹಾಗಾದರೆ ಇದು ಯಾಕೆ ಹೀಗಾಯಿತು? ಎಲ್ಲರೂ ಹೇಳಿದ್ದು ಒಂದೇ ಮಾತು, 'ಈಗಿನ ಮಾಲು ಹಾಗೇ ಮಾರಾಯ್ರೆ'. ಇರಬಹುದು. ಆದರೆ ಬರೀ ಮಾಲಿನ ಮೇಲೆ ಹೊರೆ ಹಾಕಿ ಬಿಡಲು ನನಗೆ ಮನಸ್ಸಾಗಲಿಲ್ಲ. ಈ ಸಲ ನಾನೇ ಬಿಚ್ಚಿ ನೋಡುತ್ತೇನೆ ಅಂದೆ.

ಸಾಮಾನಿಗೆ ತೊಂದರೆ ಆಗಲಿಲ್ಲ. ಮಾರುತಿ 800 ಮೊದಲು ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ ಮಾಡಿದ ಗಾಡಿ. ಪುತ್ತೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಬುಷ್ಷಿನ ಹೆಸರು ಹೇಳಿದ್ದೇ ತಡ, ಕಪಾಟಿನಿಂದ ತೆಗೆದು ಮುಂದಿಟ್ಟರು. ಆರ್ಮ್ ಬುಷ್ ಎರಡು, ಸ್ಟೆಬಿಲೈಸರ್ ಬಾರಿನ ಬುಷ್ಷುಗಳ ಒಂದು ಸೆಟ್, ಆರ್ಮಿನ ಹೊಸ ಬೋಲ್ಟು ಮತ್ತು ನಟ್ಟು. ಬೋಲ್ಟನ್ನು ನಾನು ಒತ್ತಾಯ ಮಾಡಿ ಕೇಳಿದ್ದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಬುಷ್ ಅಂದರೆ ಏನು ಅಂತ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕಾರಿನ ಅಡಿಯಲ್ಲಿ ಮಲಗಿ ನೋಡುವವರೆಗೆ ನಾನೂ ಅದನ್ನು ಬಾಗಿಲಿನ ತಿರುಗಣಿ ಅಂತಲೇ ತಿಳಿದಿದ್ದೆ. ಚಕ್ರ ಮೇಲೆ ಕೆಳಗೆ ಆಡುವಾಗ ಆರ್ಮ್ ಬೋಲ್ಟಿನ ಸುತ್ತ ತಿರುಗುತ್ತದೆ, ನಡುವೆ ಸದ್ದು ಬಾರದ ಹಾಗೆ ರಬ್ಬರ್ ಇಟ್ಟಿದ್ದಾರೆ ಅಂತ. ಅದು ಹಾಗಲ್ಲ. ಬುಷ್ಷಿನ ನಡುವೆ ಒಂದು ಕಬ್ಬಿಣದ ಕೊಳವೆ ಉಂಟು, ಹೊರಗೆ ಇನ್ನೊಂದು ಕಬ್ಬಿಣದ ಬಳೆ. ಎರಡರ ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿದೆ. ಹೊರಗಿನ ಬಳೆ ಆರ್ಮಿನೊಳಗೆ ಗಟ್ಟಿಯಾಗಿ ಕೂತಿದೆ. ಒಳಗಿನ ಕೊಳವೆಯನ್ನು ಬೋಲ್ಟು ಬಾಡಿಯ ಎರಡು ಕಿವಿಗಳ ನಡುವೆ ಒತ್ತಿ ಹಿಡಿದಿದೆ. ಅಂದರೆ ಯಾವುದೂ ಜಾರುವುದಿಲ್ಲ, ಯಾವುದೂ ಉಜ್ಜುವುದಿಲ್ಲ. ಚಕ್ರ ಆಡಿದಷ್ಟೂ ಸಲ ರಬ್ಬರ್ ತಾನೇ ತಿರುಚಿಕೊಳ್ಳುತ್ತದೆ, ತಾನೇ ವಾಪಸ್ ಬರುತ್ತದೆ. ಫಿಯಟ್ ಕಾಲದ ಮೆಕ್ಯಾನಿಕ್‌ಗಳು ಇದನ್ನು ಸೈಲೆಂಟ್ ಬ್ಲಾಕ್ ಅನ್ನುತ್ತಾರೆ. ಎಣ್ಣೆ ಬೇಡ, ಗ್ರೀಸ್ ಬೇಡ. ಒಂದು ಹಿಡಿ ರಬ್ಬರ್ ವರ್ಷಗಟ್ಟಲೆ ತಿರುಚಿ ತಿರುಚಿ ಬದುಕುತ್ತದೆ.

ಜನವರಿ ಎರಡನೇ ವಾರ ಕೆಲಸ ಶುರು ಮಾಡಿದೆ. ಅಂಗಳದ ತುಂಬ ಅಡಿಕೆ ಒಣಗಲು ಹಾಕಿತ್ತು. ಹಾಗಾಗಿ ಕಾರನ್ನು ಕೊಟ್ಟಿಗೆ ಪಕ್ಕದ ಸಮ ಜಾಗಕ್ಕೆ ತಂದು ನಿಲ್ಲಿಸಿದೆ. ಮುಂದಿನ ಎರಡು ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿದೆ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟೆ. ಈಗ ಅಡಿಗೆ ಮಲಗಿ ಕೈ ಆಡಿಸುವಷ್ಟು ಜಾಗ ಇತ್ತು, ಗಾಡಿಯ ಭಾರ ಚಕ್ರದ ಮೇಲೆಯೇ ಇತ್ತು. ಗಟ್ಟಿ ಬೋಲ್ಟುಗಳನ್ನು ಮೊದಲು ಹೀಗೆ ಸಡಿಲ ಮಾಡಿಕೊಳ್ಳುವುದು ಒಳ್ಳೆಯದು. ಜ್ಯಾಕ್ ಮೇಲೆ ನಿಂತ ಗಾಡಿಯ ಅಡಿಯಲ್ಲಿ ಮಲಗಿ ಉದ್ದದ ಪೈಪ್ ಹಾಕಿ ಎಳೆಯುವುದು ಜೀವದ ಜೊತೆ ಆಟ.

ಬಲಬದಿಯ ನಟ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿದೆ. ಸ್ಪ್ಯಾನರಿನ ಹಿಡಿಗೆ ಎರಡಡಿ ಪೈಪ್ ಸಿಕ್ಕಿಸಿ ಎಳೆದೆ. ಕಿರ್ರ್ ಅಂತ ಬಿಟ್ಟಿತು. ಇನ್ನೊಂದು ಸುತ್ತು ತಿರುಗಿಸಿದೆ. ಆಗ ಒಂದು ಸಂಗತಿ ಆಯಿತು. ನಾನು ಸ್ಪ್ಯಾನರ್ ತೆಗೆದು ಪಕ್ಕಕ್ಕೆ ಇಡುವಷ್ಟರಲ್ಲಿ, ಆ ಬೋಲ್ಟು ತಾನಾಗಿಯೇ ತಿರುಗಿತು. ಯಾರೂ ಮುಟ್ಟಲಿಲ್ಲ. 'ಟಪ್' ಅಂತ ಒಂದು ಮೆತ್ತಗಿನ ಸದ್ದು, ತಲೆ ಕಣ್ಣಿಗೆ ಕಾಣುವಷ್ಟು ತಿರುಗಿ ನಿಂತಿತು. ತುಕ್ಕಿನಲ್ಲಿ ಒರೆಸಿಹೋದ ಗುರುತು ಹೊಸದಾಗಿ ಹೊಳೆಯುತ್ತಿತ್ತು.

ಒಂದು ನಿಮಿಷ ಅಲ್ಲೇ ಮಲಗಿದ್ದೆ. ಗಾಡಿ ನೆಲದ ಮೇಲೆ ಸುಮ್ನೆ ನಿಂತಿದೆ, ಒಳಗೆ ಯಾರೂ ಇಲ್ಲ. ಆ ಹೊತ್ತಿನಲ್ಲಿ ಬುಷ್ಷಿಗೆ ವಿಶ್ರಾಂತಿ ಇರಬೇಕು. ಆದರೆ ಅದು ತಿರುಚಿಕೊಂಡೇ ಇತ್ತು. ನಟ್ಟು ಸಡಿಲಾದ ಕೂಡಲೇ ಬಿಚ್ಚಿಕೊಂಡಿತು. ಐದು ವರ್ಷ ಅದು ಹಾಗೇ ಇತ್ತು. ಹಗಲೂ ರಾತ್ರಿ, ಶೆಡ್ಡಿನಲ್ಲಿ ನಿಂತಾಗಲೂ.

ಆಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. 2019ರಲ್ಲಿ ಬುಷ್ ಹಾಕಿದವರು ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರ ಗಾಳಿಯಲ್ಲಿ ಜೋತುಬಿದ್ದಿರುವಾಗಲೇ ಬೋಲ್ಟು ಬಿಗಿ ಮಾಡಿದ್ದರು. ಆಮೇಲೆ ನಾನು ಅಳೆದು ನೋಡಿದೆ. ಗಾಡಿ ಎತ್ತಿದರೆ ಚಕ್ರ ಏಳೆಂಟು ಸೆಂಟಿಮೀಟರ್ ಕೆಳಗೆ ಇಳಿಯುತ್ತದೆ. ಒಂದಡಿ ಉದ್ದದ ಆರ್ಮಿಗೆ ಅದು ಸುಮಾರು 15 ಡಿಗ್ರಿ. ಆ ಸ್ಥಿತಿಯಲ್ಲಿ ಬಿಗಿ ಮಾಡಿದರೆ, ರಬ್ಬರಿಗೆ ಅದೇ 'ನೇರ'. ಗಾಡಿ ಕೆಳಗೆ ಇಳಿಸಿದ ಕ್ಷಣದಿಂದ ಅದು 15 ಡಿಗ್ರಿ ತಿರುಚಿದ್ದು. ಹೊಂಡಕ್ಕೆ ಬಿದ್ದು ಚಕ್ರ ಮೇಲೆ ಬಂದರೆ ಅದರ ಮೇಲೆ ಇನ್ನಷ್ಟು. ಸರಿಯಾಗಿ ಹಾಕಿದ ಬುಷ್ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ತಿರುಚಿಕೊಳ್ಳುತ್ತದೆ. ಇದು ಒಂದೇ ಕಡೆಗೆ, ಯಾವಾಗಲೂ. ಒದ್ದೆ ಬಟ್ಟೆಯನ್ನು ಹಿಂಡಿ, ಹಿಂಡಿದ ಹಾಗೇ ಐದು ವರ್ಷ ಹಿಡಿದರೆ ಬಟ್ಟೆ ಏನಾಗಬೇಕು?

ಹಾಗೆ ಮಾಡಿದವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಅವರು ಕೆಟ್ಟವರಲ್ಲ. ಬೆಳಿಗ್ಗೆ ಕೊಟ್ಟ ಗಾಡಿ ಸಂಜೆಗೆ ಬೇಕು ಅಂತ ನಾವೇ ಅವಸರ ಮಾಡಿದವರು. ಲಿಫ್ಟಿನ ಮೇಲೆ ಎಲ್ಲವೂ ಕೈಗೆ ಸಿಗುತ್ತದೆ, ಅಲ್ಲೇ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಕೆಳಗಿಳಿಸಿ, ಮತ್ತೆ ಅಡಿಗೆ ನುಗ್ಗಿ, ಭಾರದ ಮೇಲೆ ಬಿಗಿ ಮಾಡಬೇಕಾದರೆ ಇನ್ನು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಉಳಿಸಿದ್ದಕ್ಕೆ ಬುಷ್ಷಿನ ಆಯುಸ್ಸಿನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಹೋಯಿತು. ಗಾಡಿ ರಿಪೇರಿಯಲ್ಲಿ ನನಗೆ ತುಂಬ ಬೇಸರ ತರುವುದು ಇಂಥದ್ದೇ. ಸಾಮಾನು ಹೊಸದು, ಬಿಲ್ಲು ಸರಿ, ಮಾಡಿದ್ದು ಕಣ್ಣಿಗೂ ಕಾಣುತ್ತದೆ. ತಪ್ಪು ಮಾತ್ರ ಎಲ್ಲೂ ಕಾಣುವುದಿಲ್ಲ.

ಬಲಬದಿಯ ಬೋಲ್ಟು ಒಳಗಿನ ಕೊಳವೆಗೆ ಸ್ವಲ್ಪ ಹಿಡಿದಿತ್ತು, ಸುತ್ತಿಗೆ ಪೆಟ್ಟಿಗೆ ಬಂತು. ಎಡಬದಿಯದು ನನ್ನ ನಾಲ್ಕು ದಿನ ತಿಂದಿತು.

ಮೊದಲ ದಿನ ನಟ್ಟು ಬಿಚ್ಚಿತು. ಅಷ್ಟಕ್ಕೇ ಖುಷಿಯಾಗಿ, ಇನ್ನು ಬೋಲ್ಟು ಎಳೆದರಾಯಿತು ಅಂದುಕೊಂಡೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಬಿಚ್ಚಿ, ಬೋಲ್ಟಿನ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ. ತಿರುಗಿತು! ಕಾಲು ಸುತ್ತು ಬಂತು. ಕೈ ಬಿಟ್ಟೆ. ಸ್ಪ್ಯಾನರ್ ಮೆಲ್ಲಗೆ ವಾಪಸ್ ಬಂದು ಮೊದಲಿದ್ದಲ್ಲಿಗೇ ನಿಂತಿತು. ಮತ್ತೆ ತಿರುಗಿಸಿದೆ, ಮತ್ತೆ ವಾಪಸ್. ಇದು ಈ ಕೆಲಸದ ದೊಡ್ಡ ಮೋಸ. ಬೋಲ್ಟು ಕೊಳವೆಗೆ ತುಕ್ಕಿನಲ್ಲಿ ಬೆಸೆದುಹೋಗಿತ್ತು. ನಾನು ತಿರುಗಿಸುತ್ತಿದ್ದದ್ದು ಬೋಲ್ಟು ಮತ್ತು ಕೊಳವೆ ಎರಡನ್ನೂ ಸೇರಿಸಿ. ತಿರುಚಿಕೊಳ್ಳುತ್ತಿದ್ದದ್ದು ಹರಿಯದೆ ಉಳಿದ ರಬ್ಬರ್. ಎಷ್ಟು ಬಲ ಹಾಕಿದರೂ ಅದು ರಬ್ಬರಿಗೆ ಹೋಗುತ್ತದೆ, ತುಕ್ಕಿಗೆ ತಾಗುವುದಿಲ್ಲ.

ಒಳಗೆ ಏನಾಗಿದೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ. ಬೋಲ್ಟು ಮತ್ತು ಕೊಳವೆಯ ನಡುವೆ ಕೂದಲೆಳೆಯಷ್ಟು ಸಂದು. ನೀರು ಅದರೊಳಗೆ ತಾನಾಗಿ ಎಳೆದುಕೊಂಡು ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ, ಗಾಳಿಯಾಡಿ ಒಣಗುವುದೂ ಇಲ್ಲ. ಉಪ್ಪಿನ ಅಂಶ ಸೇರಿದರೆ ಕೇಳುವುದೇ ಬೇಡ, ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ ತುಕ್ಕಾದರೆ ಅದಕ್ಕೆ ಬೇಕಾಗುವ ಜಾಗ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಂದಿನಲ್ಲಿ ಅಷ್ಟು ಜಾಗ ಇಲ್ಲ. ಹಾಗಾಗಿ ತುಕ್ಕು ತನ್ನನ್ನು ತಾನೇ ಒತ್ತಿಕೊಂಡು ಕಲ್ಲಾಗುತ್ತದೆ. ಮನೆಯ ತಾರಸಿಯಲ್ಲಿ ಒಳಗಿನ ಸರಳು ತುಕ್ಕು ಹಿಡಿದು ಸಿಮೆಂಟನ್ನೇ ಒಡೆದು ಹೊರಗೆ ಬರುವುದಿಲ್ಲವಾ, ಅದೇ ಬಲ ಇದು.

2019ರಲ್ಲಿ ಹಳೆಯ ಬೋಲ್ಟನ್ನೇ ಹಾಕಿದ್ದರು. ಕಡಲ ಕರೆಯಲ್ಲಿ ಗುಳಿಬಿದ್ದ ಬೋಲ್ಟು. ಒಣಗಿದ್ದನ್ನು ಹಾಗೇ ತೂರಿಸಿದ್ದರು, ಒಂದು ಹನಿ ಗ್ರೀಸ್ ಇಲ್ಲದೆ. ಈ ಸಲ ಹೊಸ ಬೋಲ್ಟಿಗೆ ನಾನು ಹಟ ಹಿಡಿದದ್ದು ಇದಕ್ಕೇ.

ಎಣ್ಣೆ ಹೊಡೆದು ಕಾದೆ. ಡಬ್ಲ್ಯೂಡಿ-40 ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಹುಟ್ಟಿದ್ದು 1953ರಲ್ಲಿ ಅಮೆರಿಕದಲ್ಲಿ, ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯಬಾರದು ಅಂತ. ಹೆಸರಿನ ಅರ್ಥವೇ ನೀರನ್ನು ಓಡಿಸುವುದು. ನಲವತ್ತನೇ ಪ್ರಯತ್ನದಲ್ಲಿ ಸರಿಯಾದದ್ದಕ್ಕೆ ಆ 40. ನೀರು ಓಡಿಸಲು ಅದು ಒಳ್ಳೆಯದು. ಕಲ್ಲಾದ ತುಕ್ಕಿನೊಳಗೆ ಇಳಿಯುವುದಕ್ಕೆಂದೇ ಬೇರೆ ಎಣ್ಣೆ ಬರುತ್ತದೆ. ಅದನ್ನೂ ತಂದು ಎರಡು ರಾತ್ರಿ ನೆನೆಸಿದೆ. ಬೆಳಿಗ್ಗೆ ಸಂಜೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದೆ, ಎಣ್ಣೆ ಒಳಗೆ ಇಳಿಯಲಿ ಅಂತ. ನಟ್ಟನ್ನು ಬೋಲ್ಟಿನ ತುದಿಗೆ ಸಮ ಬರುವಷ್ಟು ಮತ್ತೆ ಹಾಕಿ, ಅದರ ಮೇಲೆ ಪೆಟ್ಟು ಕೊಟ್ಟೆ. ನಟ್ಟು ಇಲ್ಲದೆ ಹೊಡೆದರೆ ತುದಿ ಅಣಬೆಯ ಹಾಗೆ ಅರಳಿ, ಆಮೇಲೆ ಬೋಲ್ಟು ಆ ತೂತಿನಿಂದ ಹೊರಗೇ ಬರುವುದಿಲ್ಲ. ದೊಡ್ಡ ಸುತ್ತಿಗೆಯಲ್ಲಿ ಹೊಡೆದೆ. ರಬ್ಬರ್ ಪ್ರತಿ ಪೆಟ್ಟನ್ನೂ ನುಂಗಿಕೊಂಡಿತು. ಕೈಗೆ ಬಂದದ್ದು 'ಡುಬ್' ಅನ್ನುವ ಸತ್ತ ಸದ್ದು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬರುವ ಗಂಟೆಯ ಸದ್ದು ಅಲ್ಲ.

ಮೂರನೇ ದಿನ ಪೇಟೆಯ ವೆಲ್ಡಿಂಗ್ ಅಂಗಡಿಯ ಕಾಕನನ್ನು ಕರೆದೆ. ನಮ್ಮ ಗೇಟು, ನೇಗಿಲು, ಸ್ಪ್ರೇಯರ್ ಎಲ್ಲ ರಿಪೇರಿ ಮಾಡಿದವರು ಅವರು. ಗ್ಯಾಸ್ ತಂದು ಬೋಲ್ಟು ಕಾಯಿಸಿ ಕೊಡಿ ಅಂತ ಕೇಳಿದ್ದು. ಕಾಕ ಗಾಡಿಯ ಅಡಿಗೆ ಬಗ್ಗಿ ಟಾರ್ಚ್ ಹಾಕಿ ತುಂಬ ಹೊತ್ತು ನೋಡಿದರು.

'ಇಲ್ಲಿ ಗ್ಯಾಸ್ ಬೇಡ,' ಅಂದರು.

'ಯಾಕೆ ಕಾಕ? ಕೆಂಪಗೆ ಮಾಡಿದರೆ ಬಿಡುವುದಿಲ್ಲವಾ?'

'ಬೋಲ್ಟು ಕೆಂಪಾಗ್ತದೆ. ಆದರೆ ಬಿಡಬೇಕಾದ್ರೆ ಹೊರಗಿನದ್ದು ಬಿಸಿಯಾಗ್ಬೇಕು, ಒಳಗಿನದ್ದಲ್ಲ. ಹೊರಗಿನದ್ದು ರಬ್ಬರಿನ ಒಳಗೆ ಉಂಟಲ್ಲ. ರಬ್ಬರ್ ಪೂರ ಸುಟ್ಟ ಮೇಲೆ ಬೆಂಕಿ ಅದಕ್ಕೆ ತಾಗುವುದು. ಅಷ್ಟರಲ್ಲಿ ನಿಮ್ಮ ಪೆಟ್ರೋಲ್ ಪೈಪ್ ಎಲ್ಲಿರ್ತದೆ?'

ಕಾಕ ಹೇಳಿದ್ದು ಸರಿ. ಕಬ್ಬಿಣ ಕಾದರೆ ಹಿಗ್ಗುವುದು ತೀರಾ ಸ್ವಲ್ಪ. 12 ಮಿಲಿಮೀಟರ್ ದಪ್ಪದ ಒಂದು ಬೋಲ್ಟನ್ನು 300 ಡಿಗ್ರಿ ಬಿಸಿ ಮಾಡಿದರೂ ಹಿಗ್ಗುವುದು ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು. ನಟ್ಟಿಗೆ ಬೆಂಕಿ ಹಿಡಿದರೆ ಅಷ್ಟೇ ಸಾಕು, ಯಾಕೆಂದರೆ ಹಿಗ್ಗುವುದು ಹೊರಗಿನ ನಟ್ಟು. ಬುಷ್ಷಿನಲ್ಲಿ ಬೆಂಕಿಗೆ ಸಿಗುವುದು ಒಳಗಿನ ಬೋಲ್ಟು. ಅದು ಹಿಗ್ಗಿದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

'ಕುಯ್ಯಿರಿ,' ಅಂದರು ಕಾಕ. 'ಬುಷ್ ಹೇಗೂ ಹೋದದ್ದು. ಬೋಲ್ಟು ಹೊಸದು ತಂದಿದ್ದೀರಿ. ಮತ್ತೆ ಎಂತಕ್ಕೆ ಅದನ್ನು ಉಳಿಸುವುದು? ಬಾಡಿಯ ಕಿವಿ ಮಾತ್ರ ಜಾಗ್ರತೆ. ಅದು ಹೋದರೆ ಹೊಸದು ಸಿಗುವುದಿಲ್ಲ.'

ಅಷ್ಟು ಸರಳವಾದ ಮಾತು. ನಾನು ಮೂರು ದಿನದಿಂದ ಗೆಲ್ಲಲು ನೋಡುತ್ತಿದ್ದದ್ದು ಎಸೆಯಬೇಕಾದ ಒಂದು ಬೋಲ್ಟಿನ ಜೊತೆ. ಉಳಿಸಬೇಕಾದದ್ದು ಆರ್ಮ್ ಮತ್ತು ಬಾಡಿಯ ಎರಡು ಕಿವಿ. ಸುತ್ತಿಗೆಯಲ್ಲಿ ಹೊಡೆಯುವಾಗ ಪೆಟ್ಟೆಲ್ಲ ಹೋಗುತ್ತಿದ್ದದ್ದು ಅದೇ ಕಿವಿಗಳಿಗೆ. ಕಾಕ ಬಾರದೆ ಇನ್ನೊಂದು ದಿನ ಹೊಡೆದಿದ್ದರೆ ಏನಾಗುತ್ತಿತ್ತೋ ಅಂತ ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ಆಕ್ಸಾ ಬ್ಲೇಡ್ ತಂದೆ. ಒಂದು ಇಂಚಿಗೆ 24 ಹಲ್ಲಿನದು. ಚೌಕಟ್ಟು ಆ ಸಂದಿಗೆ ಹೋಗುವುದಿಲ್ಲ. ಬ್ಲೇಡಿನ ಒಂದು ತುದಿಗೆ ಹಳೆ ಲುಂಗಿಯ ತುಂಡು ಸುತ್ತಿ, ಅದನ್ನೇ ಹಿಡಿಯಾಗಿ ಹಿಡಿದು ಕುಯ್ಯಬೇಕು. ಬಾಡಿಯ ಕಿವಿಗೂ ಬುಷ್ಷಿನ ರಬ್ಬರಿಗೂ ನಡುವೆ ಕೊಳವೆಯ ತುದಿ ಸ್ವಲ್ಪ ಕಾಣುತ್ತದೆ. ಬ್ಲೇಡ್ ಕೂರಬೇಕಾದದ್ದು ಅಲ್ಲಿ. ಬ್ಲೇಡ್ ಬಿಸಿಯಾಗದ ಹಾಗೆ ಒಂದೊಂದು ಹನಿ ಎಣ್ಣೆ ಬಿಡುತ್ತಾ, ಅವಸರ ಮಾಡದೆ, ಮುಂದೆ ಒತ್ತುವಾಗ ಮಾತ್ರ ಬಲ ಕೊಡುತ್ತಾ ಕುಯ್ಯುತ್ತಾ ಹೋದೆ. ಒಂದು ಬದಿಗೆ ಒಂದೂವರೆ ಗಂಟೆ ಹಿಡಿಯಿತು. ಇನ್ನೊಂದು ಬದಿಗೆ ಕೈ ಸೋತು ಕೂತಾಗ ಅಪ್ಪ ಬಂದರು. ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಹಾಸಿದ ಗೋಣಿ ಮೇಲೆ ಒರಗಿದರು. 'ಬ್ಲೇಡ್ ಇಲ್ಲಿ ಕೊಡು ಮಗಾ' ಅಂದರು. ನಾನು ಟಾರ್ಚ್ ಹಿಡಿದೆ. ಅಪ್ಪ ಕುಯ್ಯುವ ಲಯ ನನ್ನದಕ್ಕಿಂತ ನಿಧಾನ. ಒಂದೇ ಅಳತೆ, ನಿಲ್ಲಿಸುವುದಿಲ್ಲ. ರಬ್ಬರ್ ಮರ ಕೆತ್ತುವ ಕೈ ಅದು.

ಒಂದು ಮಾತು ಮರೆಯುವ ಮೊದಲು ಹೇಳುತ್ತೇನೆ. ನಮ್ಮ ಕಡೆ ಗಾಡಿ ಎತ್ತಿದರೆ ಅಡಿಗೆ ಕೆಂಪುಕಲ್ಲು ಇಡುವ ಅಭ್ಯಾಸ ಉಂಟು. ಕೈಗೆ ಸಿಗುವುದು ಅದೇ ಅಲ್ವಾ? ದಯವಿಟ್ಟು ಇಡಬೇಡಿ. ಕೆಂಪುಕಲ್ಲು ಗೋಡೆಯಲ್ಲಿ ಸಾಲಾಗಿ ಕೂತರೆ ಗಟ್ಟಿ. ಒಂದೇ ಜಾಗಕ್ಕೆ ಕಬ್ಬಿಣ ಒತ್ತಿ ನಿಂತರೆ, ಮೇಲಿಂದ ಸುತ್ತಿಗೆ ಪೆಟ್ಟು ಬಿದ್ದರೆ, ಸೂಚನೆ ಕೊಡದೆ ಸೀಳುತ್ತದೆ. ಸ್ಟ್ಯಾಂಡ್ ಬಾಡಿಗೆಗೆ ತನ್ನಿ. ಅದರ ಜೊತೆಗೆ ಬಿಚ್ಚಿದ ಚಕ್ರವನ್ನೂ ಗಾಡಿಯ ಅಡಿಗೆ ಮಲಗಿಸಿಡಿ.

ಸಂಜೆ ಐದರ ಹೊತ್ತಿಗೆ ಎರಡನೇ ಬದಿಯೂ ತುಂಡಾಯಿತು. ಸ್ಟೆಬಿಲೈಸರ್ ಬಾರಿನ ತುದಿಯ ನಟ್ಟು, ಆರ್ಮಿನ ಹೊರತುದಿಯನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟ್ ಹಿಡಿದ ಬೋಲ್ಟು, ಇವೆಲ್ಲ ಹೆಚ್ಚು ಕಾಡಲಿಲ್ಲ. 800ರಲ್ಲಿ ಆ ಬಾರಿಗೆ ಎರಡು ಕೆಲಸ. ತಿರುವಿನಲ್ಲಿ ಗಾಡಿ ವಾಲದ ಹಾಗೆ ನೋಡುವುದು ಒಂದು, ಆರ್ಮ್ ಹಿಂದೆ ಮುಂದೆ ಹೋಗದ ಹಾಗೆ ಹಿಡಿಯುವುದು ಇನ್ನೊಂದು. ಅದರ ಬುಷ್ಷೂ ಸವೆದಿತ್ತು. ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುತ್ತಿದ್ದದ್ದು ಅದಕ್ಕೇ. ಎಡಗಡೆಯ ಚಕ್ರ ಸ್ವಲ್ಪ ಹಿಂದಕ್ಕೆ ಸರಿಯುತ್ತಿತ್ತು.

ಆರ್ಮ್ ಕೈಗೆ ಬಂತು. ಕುಯ್ದ ಮುಖವನ್ನು ಬಟ್ಟೆಯಿಂದ ಒರೆಸಿ ಸಂಜೆ ಬಿಸಿಲಿಗೆ ಹಿಡಿದೆ. ನಡುವೆ ಬೋಲ್ಟಿನ ಉರುಟು, ಬೆಳ್ಳಗೆ ಹೊಳೆಯುತ್ತಿತ್ತು. ಅದರ ಸುತ್ತ ಕೊಳವೆಯ ಬಳೆ, ಅದೂ ಬೆಳ್ಳಗೆ. ಎರಡರ ನಡುವೆ ಒಂದು ಕಪ್ಪು ಕಂದು ಗೆರೆ. ಕೆಲವು ಕಡೆ ಆ ಗೆರೆ ನೂಲಿನಷ್ಟು ದಪ್ಪ, ಕೆಲವು ಕಡೆ ಕಾಣುವುದೇ ಇಲ್ಲ. ಉಗುರಿನಿಂದ ಗೀರಿದೆ, ಏನೂ ಉದುರಲಿಲ್ಲ. ಮೂರು ದಿನ ಸುರಿದ ಎಣ್ಣೆ ಎಲ್ಲಿಯವರೆಗೆ ಹೋಗಿತ್ತು ಅಂತ ನೋಡಿದೆ. ತುದಿಯಿಂದ ಒಂದು ಅಕ್ಕಿ ಕಾಳಿನಷ್ಟು ದೂರ. ಅಷ್ಟೇ.

ಅಪ್ಪ ಹರಿದ ರಬ್ಬರನ್ನು ಬೆರಳಲ್ಲಿ ಬಿಡಿಸಿ ನೋಡುತ್ತಿದ್ದರು. ಎಲ್ಲ ಹರುಕೂ ಒಂದೇ ಕಡೆಗೆ ಓರೆಯಾಗಿತ್ತು. ಮೂಗಿನ ಹತ್ತಿರ ತಂದು ಮೂಸಿದರು.

'ಇದು ಮರದ ರಬ್ಬರಾ?'

'ಹೆಚ್ಚಾಗಿ ಮರದ್ದೇ ಅಪ್ಪ. ಮತ್ತೆ ಮತ್ತೆ ತಿರುಚುವ ಕೆಲಸಕ್ಕೆ ಅದೇ ಒಳ್ಳೆಯದು ಅನ್ನುತ್ತಾರೆ.'

ಅಪ್ಪ ಏನೂ ಹೇಳದೆ ಗುಡ್ಡದ ಕಡೆ ನೋಡಿದರು. ಸುಳ್ಯದ ಕಡೆಯವರಿಗೆ ರಬ್ಬರ್ ಹೊಸತಲ್ಲ. 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಸರಕಾರ ಇಲ್ಲಿ ದೊಡ್ಡ ರಬ್ಬರ್ ತೋಟಗಳನ್ನೇ ಮಾಡಿತು. ಆಮೇಲೆ ನಮ್ಮಂಥವರ ಗುಡ್ಡಗಳಿಗೂ ಬಂತು. ನಮ್ಮದು ಸ್ವಲ್ಪವೇ ಜಾಗ. ಅಪ್ಪ ಈಗಲೂ ಬೆಳಕು ಹರಿಯುವ ಮೊದಲು ಹೋಗಿ ಮರ ಕೆತ್ತುತ್ತಾರೆ. ಹಾಲು ತಂದು, ಸೋಸಿ, ನೀರು ಸೇರಿಸಿ, ಆಸಿಡ್ ಹಾಕಿ ಟ್ರೇಯಲ್ಲಿ ಇಡುತ್ತಾರೆ. ಹೆಪ್ಪುಗಟ್ಟಿದ್ದನ್ನು ಮರುದಿನ ಮೆಷಿನ್‌ಗೆ ಕೊಟ್ಟು ಶೀಟ್ ಮಾಡಿ ಹೊಗೆ ಹಾಕುತ್ತಾರೆ. ಆ ಶೀಟ್ ಬಿಸಿಲಿಗೆ ಮೆತ್ತಗಾಗುತ್ತದೆ, ಎಳೆದರೆ ಎಳೆದ ಹಾಗೇ ಉಳಿಯುತ್ತದೆ. ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಮಾತ್ರ ವಾಪಸ್ ಬರುವ ಗುಣ ನಿಲ್ಲುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು ಅದನ್ನೇ. ಹರಿದ ಬುಷ್ಷನ್ನು ಅಪ್ಪ ಎಸೆಯಲು ಬಿಡಲಿಲ್ಲ. ಅದು ಈಗ ಹೊಗೆಗೂಡಿನ ಕಿಟಕಿಯಲ್ಲಿ ಉಂಟು.

ಹೊಸ ಬುಷ್ ಕೂರಿಸಲು ಆರ್ಮನ್ನು ಕಾಕನ ಅಂಗಡಿಗೆ ಒಯ್ದೆ. ಅಲ್ಲಿ ಬೆಂಚ್ ವೈಸ್ ದೊಡ್ಡದಿತ್ತು. ಹಳೆಯ ರಬ್ಬರನ್ನು ಹೊರಗೆ ಬಯಲಿನಲ್ಲಿ ಸುಟ್ಟು ತೆಗೆದರು. ಕಪ್ಪು ಹೊಗೆ, ಗಂಟಲು ಹಿಡಿಯುವ ನಾತ. ಮುಖಕ್ಕೆ ಬಟ್ಟೆ ಕಟ್ಟಿ ಗಾಳಿಯ ಹಿಂಬದಿಗೆ ನಿಂತೆವು. ಉಳಿದ ಹೊರಬಳೆಯನ್ನು ಒಳಗಿನಿಂದ ಉದ್ದಕ್ಕೆ ಕುಯ್ದು, ಚಾಣ ಕೊಟ್ಟು ಮಡಚಿ ಎಳೆದರು. ಬಳೆ ಮಾತ್ರ ಕುಯ್ಯಬೇಕು, ಆರ್ಮಿಗೆ ಗೀರು ಬೀಳಬಾರದು. ಕಾಕ ಕೊನೆಯ ಎಳೆ ಉಳಿದಾಗ ನಿಲ್ಲಿಸಿ, ಉಳಿದದ್ದನ್ನು ಚಾಣದಲ್ಲೇ ಬಿಡಿಸಿದರು. ಹೊಸ ಬುಷ್ಷಿಗೆ ಸಾಬೂನು ನೀರು ಸವರಿದೆವು. ಗ್ರೀಸ್ ಅಲ್ಲ, ಎಂಜಿನ್ ಆಯಿಲ್ ಅಲ್ಲ. ಮರದ ರಬ್ಬರಿಗೆ ಆ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಒಂದು ಬದಿಗೆ ಬಳೆಯ ಅಂಚಿಗೆ ಮಾತ್ರ ತಾಗುವ ಸಾಕೆಟ್, ಇನ್ನೊಂದು ಬದಿಗೆ ಬುಷ್ ಹೊರಬರುವಷ್ಟು ಅಗಲದ ಪೈಪ್ ತುಂಡು. ವೈಸ್ ತಿರುಗಿಸಿದ ಹಾಗೆ ಬುಷ್ ನೆಟ್ಟಗೆ ಒಳಗೆ ಹೋಯಿತು. ಸುತ್ತಿಗೆ ಮುಟ್ಟಲಿಲ್ಲ. ನಡುವಿನ ಕೊಳವೆಗೆ ಒತ್ತಿದರೆ ಹೊಸ ಬುಷ್ ಅಲ್ಲೇ ಹರಿಯುತ್ತದೆ.

ಹೊಸ ಬೋಲ್ಟಿನ ತಲೆ ಮೇಲೆ ಅಂಕಿ ಉಂಟಾ ಅಂತ ಕಾಕ ಕನ್ನಡಕ ಹಾಕಿ ನೋಡಿದರು. 8.8, 10.9 ಅಂತ ಇರುತ್ತದಲ್ಲ, ಅದು ಬೋಲ್ಟಿನ ಜಾತಕ. 8.8 ಅಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಬಲಕ್ಕೆ ತುಂಡಾಗುತ್ತದೆ, ಅದರ ನೂರಕ್ಕೆ 80ರಷ್ಟು ಬಲದವರೆಗೆ ಎಳೆದರೂ ವಾಪಸ್ ಮೊದಲಿನ ಹಾಗೆ ಆಗುತ್ತದೆ. ಅಂಕಿಯೇ ಇಲ್ಲದ ಬೋಲ್ಟು ಗೇಟಿಗೆ ಸಾಕು. ಚಕ್ರ ಹಿಡಿಯುವ ಜಾಗಕ್ಕೆ ಬೇಡ. ಹಳೆಯದರಲ್ಲಿ ಇದ್ದ ಅಂಕಿಯೇ ಹೊಸದರಲ್ಲೂ ಇರಬೇಕು.

ಮನೆಗೆ ಬಂದು ಬಾಡಿಯ ಕಿವಿಗಳನ್ನು ವೈರ್ ಬ್ರಷ್ ಹಾಕಿ ಉಜ್ಜಿದೆ, ತುಕ್ಕು ತಡೆಯುವ ಪ್ರೈಮರ್ ಹೊಡೆದೆ. ಬೋಲ್ಟಿನ ನಯವಾದ ಭಾಗಕ್ಕೆ ತಾಮ್ರದ ಪುಡಿ ಇರುವ ಗ್ರೀಸನ್ನು ತೆಳ್ಳಗೆ ಹಚ್ಚಿದೆ, ರಬ್ಬರಿಗೆ ತಾಗದ ಹಾಗೆ ನೋಡಿಕೊಂಡೆ. ಮುಂದೊಂದು ದಿನ ಇದನ್ನು ಬಿಚ್ಚುವವರು ಯಾರೋ ಗೊತ್ತಿಲ್ಲ. ಅವರ ಕೈ ನೋಯದಿರಲಿ ಅಂತ ಹಚ್ಚುವಾಗ ನಿಜವಾಗಿ ಅನ್ನಿಸಿತು. ಆರ್ಮ್ ಸಿಕ್ಕಿಸಿ, ಬೋಲ್ಟು ತೂರಿಸಿ, ನಟ್ಟನ್ನು ಬೆರಳಿನಿಂದ ತಿರುಗಿಸುವಷ್ಟೇ ತಿರುಗಿಸಿದೆ. ಬಲಬದಿಗೂ ಹೊಸ ಬುಷ್, ಹೊಸ ಬೋಲ್ಟು, ಅಷ್ಟೇ ಸಡಿಲ. ಚಕ್ರ ಹಾಕಿ ಗಾಡಿ ಇಳಿಸಿದೆ. ಬಾನೆಟ್ ಮೇಲೆ ಕೈಯಿಟ್ಟು ನಾಲ್ಕೈದು ಸಲ ಒತ್ತಿ ಬಿಟ್ಟೆ. ತೀರಾ ನಿಧಾನವಾಗಿ ಎರಡು ಮಾರು ಹಿಂದೆ ಮುಂದೆ ಉರುಳಿಸಿದೆ, ಚಕ್ರ ತನ್ನ ಜಾಗದಲ್ಲಿ ಕೂರಲಿ ಅಂತ. ಮತ್ತೆ ಮುಂದಿನ ಚಕ್ರಗಳನ್ನು ಹಲಗೆ ಮೇಲೆ ಹತ್ತಿಸಿದೆ.

'ನಾನು ಒಳಗೆ ಕೂರಬೇಕಾ?' ಅಪ್ಪ ಕೇಳಿದರು.

'ಬೇಡಪ್ಪ. ಖಾಲಿ ಗಾಡಿ, ನೆಲದ ಮೇಲೆ. ಅಷ್ಟೇ.'

ಅಡಿಗೆ ನುಗ್ಗಿ ಎರಡೂ ನಟ್ಟುಗಳನ್ನು ಬಿಗಿ ಮಾಡಿದೆ. ಬೇಕಾದಷ್ಟೇ ಬಿಗಿಯಾದ ಕೂಡಲೇ ಸದ್ದು ಮಾಡಿ ತಿಳಿಸುವ ಟಾರ್ಕ್ ರೆಂಚನ್ನು ಗೆಳೆಯನ ಹತ್ತಿರ ಕೇಳಿ ತಂದಿದ್ದೆ. ಕಟಕ್ ಅಂದಿತು. ಅಪ್ಪ ಬಗ್ಗಿ ಟಾರ್ಚ್ ಹಿಡಿದಿದ್ದರು. ಎಲ್ಲ ಸೇರಿ ಎಂಟು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡಿದ್ದೆ.

ಮರುದಿನ ಪುತ್ತೂರಿಗೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ಬುಷ್ ಬದಲಿಸಿದರೆ ಚಕ್ರದ ಕೋನ ಅಷ್ಟಿಷ್ಟು ಬದಲಾಗುತ್ತದೆ, ಅದನ್ನು ಬಿಟ್ಟರೆ ಟಯರ್ ಒಂದೇ ಬದಿ ಸವೆಯುತ್ತದೆ. ವಾಪಸ್ ಬರುವಾಗ ಸಂಜೆಯಾಗಿತ್ತು. ಅಪ್ಪ ಅಡಿಕೆ ರೇಟಿನ ಬಗ್ಗೆ ಹೇಳುತ್ತಿದ್ದರು. ಟಾರ್ ರೋಡ್ ಬಿಟ್ಟು ಮಣ್ಣಿನ ದಾರಿಗೆ ಇಳಿದೆ. ಹಳೆ ಅಡಿಕೆಗೆ ಎಷ್ಟು, ಹೊಸದಕ್ಕೆ ಎಷ್ಟು, ಯಾರು ಯಾವಾಗ ಮಾರಿದರು, ನಾವು ಶಿವರಾತ್ರಿವರೆಗೆ ಕಾಯಬೇಕೋ ಬೇಡವೋ. ಮೋರಿ ಬಂತು. ಮುಂದಿನ ಚಕ್ರ ಹತ್ತಿತು, ಇಳಿಯಿತು. ಅಪ್ಪ ಮಾತು ನಿಲ್ಲಿಸಲಿಲ್ಲ.